ಅಂಗಳದ ಗಿಡವೂ ಅಟ್ಟದ ಬೆಕ್ಕೂ

ಶಿರಾಡಿ ಘಾಟಿಯನ್ನು ಇಳಿದು ಮಂಗಳೂರಿನತ್ತ ಸಾಗುವ ಪ್ರಯಾಣಿಕರಿಗೆ ಗುಂಡ್ಯ ದಾಟಿದ ಮೇಲೆ ಸಿಕ್ಕುವ ಪೇಟೆ ನೆಲ್ಯಾಡಿ. ಬ್ರಿಟಿಷರ ಕಾಲದ ಕಾಗದಪತ್ರಗಳಲ್ಲಿ ಉಪ್ಪಿನಂಗಡಿ ತಾಲೂಕೆಂದು ಕಾಣಿಸಿಕೊಳ್ಳುವ ಈ ಸೀಮೆ, ಅನಂತರ ಪುತ್ತೂರು ತಾಲೂಕೆನಿಸಿ, ಅದರಲ್ಲಿ ನೆಲ್ಯಾಡಿಯ ಭಾಗವು ಈಗ ಕಡಬ ತಾಲೂಕಿಗೆ ಸೇರಿದೆ. ಬಸ್ಸು ನಿಲ್ಲುವಲ್ಲಿ ಅರೆಗಳಿಗೆ ನಿಂತು ಕಿವಿಗೊಟ್ಟರೆ ತುಳು, ಕನ್ನಡ, ಮಲೆಯಾಳ, ಬ್ಯಾರಿ, ಕೊಂಕಣಿ ಎಲ್ಲವೂ ಕೇಳುತ್ತವೆ. ಒಂದೇ ಬೆಕ್ಕನ್ನು ಒಬ್ಬರು ಪುಚ್ಚೆ ಎಂದು ಕರೆದರೆ ಇನ್ನೊಬ್ಬರು ಪೂಚ್ಚ ಎನ್ನುತ್ತಾರೆ, ಮತ್ತೊಬ್ಬರಿಗೆ ಅದು ಮಾಜರ್. ಬೆಕ್ಕು ಮಾತ್ರ ಯಾರು ಮೀನಿನ ತಲೆ ಹಾಕಿದರೂ ಅವರ ಭಾಷೆ ತನ್ನದೇ ಎಂಬಂತೆ ಓಡಿ ಬರುತ್ತದೆ.

ಈ ಊರಿನಲ್ಲಿ ನನ್ನ ಅಕ್ಕನ ಮನೆಯಿದೆ. ಎರಡು ವರ್ಷಗಳ ಹಿಂದಿನ ದೀಪಾವಳಿಯ ತರುವಾಯ ನಾನು ಅಲ್ಲಿಗೆ ಹೋದಾಗ ಮನೆಯಲ್ಲಿ ಏನೋ ಒಂದು ಕೊರತೆ ಕಂಡಿತು. ನನ್ನ ಕಾಲಿಗೆ ಸುತ್ತಿಕೊಳ್ಳಬೇಕಾದ ಬೂದುಬಣ್ಣದ ಬೆಕ್ಕು ಇರಲಿಲ್ಲ. ಅದಕ್ಕಿಂತಲೂ ಹೆಚ್ಚಾಗಿ, ಪಕ್ಕದ ಮನೆಗೆ ಹೋಗುವ ತಡಮೆಯನ್ನು ಮುಳ್ಳು ಹಾಕಿ ಮುಚ್ಚಿದ್ದರು. ಪಕ್ಕದವರು ಕಳೆದ ಶತಮಾನದ ಮಧ್ಯಭಾಗದಲ್ಲಿ ತಿರುವಾಂಕೂರಿನ ಕಡೆಯಿಂದ ಬಂದು ಇಲ್ಲಿ ರಬ್ಬರು ಬೆಳೆಸಿ ನೆಲೆಯೂರಿದ ಒಂದು ಕ್ರೈಸ್ತ ಕುಟುಂಬದವರು. ಆ ತಡಮೆಯ ಮೂಲಕ ಮೂರು ತಲೆಮಾರಿನ ಕಾಲ ಇತ್ತಣಿಂದ ಜೀಗುಜ್ಜೆಯೂ ಮಜ್ಜಿಗೆಯೂ, ಅತ್ತಣಿಂದ ಮರಗೆಣಸೂ ಕ್ರಿಸ್‌ಮಸ್ಸಿನ ಕೇಕೂ ಹೋಗಿ ಬಂದಿದ್ದವು.

“ಬೆಕ್ಕು ಸತ್ತಿತು. ಅವರ ಪಾಷಾಣವೇ ಮಾರಾಯ, ಬೇರೆಂಥದ್ದು?” ಎಂದಳು ಅಕ್ಕ. ಮರಗೆಣಸಿನ ರಾಶಿಗೆ ಇಲಿಯ ಕಾಟವೆಂದು ಪಕ್ಕದವರು ಅದೇ ವಾರ ಇಲಿಪಾಷಾಣ ಇಟ್ಟದ್ದು ನಿಜ. ಇಟ್ಟದ್ದನ್ನು ಅವರೇ ಬಂದು ಹೇಳಿದ್ದೂ ನಿಜ. ಬೆಕ್ಕು ಮೊದಲ ದಿನ ಸಂಜೆ ಎರಡು ಮೂರು ಸಲ ವಾಂತಿ ಮಾಡಿತಂತೆ. ಮರುದಿನ ಸುಧಾರಿಸಿದಂತೆ ಕಂಡಿತು. ಆಮೇಲೆ ಅನ್ನ ಮುಟ್ಟದೆ, ನೀರಿನ ಬಟ್ಟಲಿನ ಹತ್ತಿರ ಕುಳಿತು, ನಾಲ್ಕನೆಯ ದಿನ ಬೆಳಗ್ಗೆ ಮಂಚದ ಅಡಿಯಲ್ಲಿ ತಣ್ಣಗಾಗಿತ್ತು.

ಆ ರಾತ್ರಿ ಅಳಿಯ ತನ್ನ ಮೊಬೈಲಿನಲ್ಲಿ ಹಬ್ಬದ ಚಿತ್ರಗಳನ್ನು ತೋರಿಸುತ್ತಿದ್ದ. ಬೆಂಗಳೂರಿನಲ್ಲಿ ಅವನಿಗೆ ಯಾರೋ ಕೊಟ್ಟ ದೊಡ್ಡ ಹೂಗುಚ್ಛವನ್ನು ಕಾರಿನಲ್ಲಿ ಜೋಪಾನವಾಗಿ ತಂದು ಮೇಜಿನ ಮೇಲೆ ಹೂದಾನಿಯಲ್ಲಿಟ್ಟಿದ್ದರು. ಅಂಗೈಯಗಲದ ನಸುಗೆಂಪು ಲಿಲ್ಲಿ ಹೂಗಳು. ಹೂದಾನಿಯ ಪಕ್ಕದಲ್ಲೇ ಬೆಕ್ಕು ರಾಜಗಾಂಭೀರ್ಯದಿಂದ ಕುಳಿತಿದೆ. ಅದರ ಮೂಗಿನ ಮೇಲೂ ಎದೆಯ ಬಿಳಿಗೂದಲಿನ ಮೇಲೂ ಕಂದುಬಣ್ಣದ ಪುಡಿ. “ಕುಂಕುಮ ಇಟ್ಟುಕೊಂಡಿದೆ ಎಂದು ನಾವೆಲ್ಲ ನಕ್ಕದ್ದು” ಎಂದು ಅಕ್ಕನ ಮಗಳು ಹೇಳಿದಳು.

ಆ ಚಿತ್ರವನ್ನು ನಾನು ಪರಿಚಯದ ಒಬ್ಬ ಪಶುವೈದ್ಯರಿಗೆ ತೋರಿಸಿ ನಡೆದುದನ್ನು ವಿವರಿಸಿದೆ. ಅವರು ಪಾಷಾಣದ ಮಾತನ್ನೇ ಎತ್ತಲಿಲ್ಲ. “ಈ ಹೂವಿನ ಪರಾಗ ಸಾಕು” ಎಂದರು. ಶವಪರೀಕ್ಷೆಯಿಲ್ಲದೆ ಯಾವುದನ್ನೂ ನೂರಕ್ಕೆ ನೂರು ಹೇಳಲಾಗದು, ಆದರೆ ರೋಗ ನಡೆದ ಕ್ರಮವು ಲಿಲ್ಲಿಯ ವಿಷದ ಕ್ರಮದಿಂದ ಕೂದಲೆಳೆಯಷ್ಟೂ ಆಚೀಚೆಯಾಗಿಲ್ಲ ಎಂಬುದು ಅವರ ಅಭಿಪ್ರಾಯ. ಮೊದಲ ಕೆಲವು ಗಂಟೆಗಳಲ್ಲಿ ವಾಂತಿ, ಬಳಿಕ ಚೇತರಿಸಿಕೊಂಡ ಹಾಗೆ ಒಂದು ಮೋಸದ ವಿರಾಮ, ಒಂದರಿಂದ ಮೂರು ದಿನಗಳೊಳಗೆ ಮೂತ್ರಪಿಂಡಗಳ ಸ್ತಂಭನ. ಎಲೆಯ ಒಂದು ಚೂರು, ಮೈಮೇಲೆ ಉದುರಿದ ಪರಾಗ, ಹೂದಾನಿಯ ನೀರು, ಇವುಗಳಲ್ಲಿ ಯಾವುದಾದರೂ ಒಂದು ಬೆಕ್ಕಿನ ಪ್ರಾಣಕ್ಕೆ ಸಾಕಾಗುತ್ತದಂತೆ.

ಮೂರು ತಲೆಮಾರಿನ ತಡಮೆಗೆ ಮುಳ್ಳು ಹಾಕಿಸಿದ್ದು ಒಂದು ಹೂವೆಂದು ತಿಳಿದಾಗ ನನಗೆ ಆಶ್ಚರ್ಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಗಿಡಮೂಲಿಕೆಗಳ ವಿಚಾರದಲ್ಲಿ ಬಲ್ಲವರೆಂದು ಬೀಗುವ ಜನ ನಾವು. ಕೆಸುವಿನ ಎಲೆಯಿಂದ ಪತ್ರೊಡೆ ಮಾಡುವ ನಮಗೆ ಮೇಜಿನ ಮೇಲಿನ ಹೂವು ಏಕೆ ತಿಳಿಯಲಿಲ್ಲ? ಈ ಪ್ರಶ್ನೆಯನ್ನು ಹಿಡಿದು ಹೊರಟಾಗ ಬೆಕ್ಕಿನ ಚರಿತ್ರೆಯೂ ಗಿಡದ ಚರಿತ್ರೆಯೂ ಎಲ್ಲಿ ಬೇರೆಬೇರೆಯಾಗಿ ನಡೆದು, ಎಲ್ಲಿ ಬಂದು ಸಂಧಿಸಿದವು ಎಂಬುದು ಸ್ವಲ್ಪ ಸ್ವಲ್ಪವಾಗಿ ಗೋಚರಿಸಿತು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

*

ಬೆಕ್ಕು ಮನುಷ್ಯನ ಮನೆಗೆ ಬಂದದ್ದು ಧಾನ್ಯದ ದಾರಿಯಲ್ಲಿ. ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳ ಒಂದು ಕಾಡುಬೆಕ್ಕು ಇಂದಿನ ಎಲ್ಲ ಸಾಕುಬೆಕ್ಕುಗಳ ಮೂಲವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಮನುಷ್ಯ ಬೇಸಾಯ ಕಲಿತು ಕಣಜ ಕಟ್ಟಿದ, ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ ಸುಮಾರು 9,500 ವರ್ಷಗಳ ಹಿಂದಿನ ಬೆಕ್ಕೊಂದರ ಅಸ್ಥಿ ದೊರೆತ ಸಂಗತಿ 2004ರಲ್ಲಿ ಪ್ರಕಟವಾಯಿತು. ನಮ್ಮ ಉಪಖಂಡದಲ್ಲಿ ಸಿಂಧೂ ನಾಗರಿಕತೆಯ ಚಾನ್ಹುದಾರೋ ಎಂಬಲ್ಲಿ 1935–36ರಲ್ಲಿ ಅರ್ನೆಸ್ಟ್ ಮೆಕೆ ನಡೆಸಿದ ಉತ್ಖನನದಲ್ಲಿ ಒಂದು ಇಟ್ಟಿಗೆ ಸಿಕ್ಕಿತು. ಇಟ್ಟಿಗೆ ಇನ್ನೂ ಹಸಿಯಾಗಿದ್ದಾಗ ಅದರ ಮೇಲೆ ಬೆಕ್ಕೊಂದು ಓಡಿದೆ, ಅದರ ಬೆನ್ನಿಗೇ ನಾಯಿಯೊಂದು ಓಡಿದೆ. ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಓಟದ ಹೆಜ್ಜೆಗಳು ಇಂದಿಗೂ ಅಳಿಸಿಲ್ಲ. ಏಳನೆಯ ಶತಮಾನದ ಮಹಾಬಲಿಪುರದ ಬಂಡೆಯ ಮೇಲೆ ಒಂಟಿಗಾಲಿನಲ್ಲಿ ತಪಸ್ಸು ಮಾಡುವ ಬೆಕ್ಕನ್ನು ನೋಡಿ ನಗದವರು ಯಾರು?

ಹೀಗೆ ಶಿಲ್ಪದಲ್ಲಿ, ಕಥೆಯಲ್ಲಿ, ಗಾದೆಯಲ್ಲಿ ಬೆಕ್ಕಿಗೆ ಜಾಗ ಸಿಕ್ಕಿತು. ವೈದ್ಯದಲ್ಲಿ ಮಾತ್ರ ಸಿಕ್ಕಲಿಲ್ಲ. ಕನ್ನಡ ಸಾಹಿತ್ಯವನ್ನೇ ನೋಡಿ. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮನು ಹಸುಗಳಿಗಾಗಿ ‘ಗೋವೈದ್ಯ’ವನ್ನು ಬರೆದ. ಕುದುರೆಗಳಿಗಾಗಿ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ಬರೆದ. ಆನೆಗಳಿಗೆ ಸಂಸ್ಕೃತದಲ್ಲಿ ಪಾಲಕಾಪ್ಯನ ಶಾಸ್ತ್ರವಿದೆ. ಹದಿನಾಲ್ಕನೆಯ ಶತಮಾನದಲ್ಲಿ ಒಂದನೆಯ ಮಂಗರಾಜನು ವಿಷಗಳ ವಿಚಾರವನ್ನೇ ವಸ್ತುವಾಗಿಟ್ಟುಕೊಂಡು ‘ಖಗೇಂದ್ರಮಣಿದರ್ಪಣ’ವೆಂಬ ಇಡಿಯ ಕಾವ್ಯವನ್ನೇ ರಚಿಸಿದ, ಸಸ್ಯಾದಿಗಳಿಂದ ಬರುವ ಸ್ಥಾವರ ವಿಷ, ಪ್ರಾಣಿಗಳಿಂದ ಬರುವ ಜಂಗಮ ವಿಷ ಎಂಬ ವಿಭಾಗ ಕ್ರಮವನ್ನು ಅಲ್ಲಿ ಕಾಣಬಹುದು. ಹಾಲು ಕೊಡುವ ಹಸು, ಯುದ್ಧಕ್ಕೆ ಹೋಗುವ ಕುದುರೆ, ರಾಜನನ್ನು ಹೊರುವ ಆನೆ, ರಾಜನೇ ಆದ ಮನುಷ್ಯ, ಇವರಿಗೆಲ್ಲ ಶಾಸ್ತ್ರವುಂಟು. ಮಾರ್ಜಾರವೈದ್ಯವನ್ನು ಬರೆದ ಕವಿಯ ಹೆಸರನ್ನು ನಾವು ಕೇಳಿಲ್ಲ. ಬೆಕ್ಕು ಸತ್ತರೆ ಇನ್ನೊಂದು ಬೆಕ್ಕು ತಾನಾಗಿಯೇ ಬರುತ್ತಿತ್ತು. ತಾನಾಗಿ ಬರುವುದಕ್ಕೆ ಯಾರೂ ಗ್ರಂಥ ಬರೆಯುವುದಿಲ್ಲ.

ಈ ವಿಷಯದಲ್ಲಿ ಪಶ್ಚಿಮದವರೂ ನಮಗಿಂತ ಬಹಳ ಮುಂದಿರಲಿಲ್ಲ. ಬೆಕ್ಕಿನ ಆರೋಗ್ಯಕ್ಕಾಗಿಯೇ ಮೀಸಲಾದ ‘ಫೀಲೈನ್ ಅಡ್ವೈಸರಿ ಬ್ಯೂರೋ’ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1958ರಲ್ಲಿ. ಪ್ರಾಣಿಗಳ ವಿಷಬಾಧೆಯ ಬಗ್ಗೆ ದೂರವಾಣಿಯಲ್ಲಿ ಸಲಹೆ ಕೊಡುವ ಕೇಂದ್ರ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದದ್ದು 1978ರಲ್ಲಿ. ಲಿಲ್ಲಿ ಹೂವು ಬೆಕ್ಕಿನ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂಬ ಸಂಗತಿ ಅಲ್ಲಿನ ವೈದ್ಯರ ಗಮನಕ್ಕೆ ಸ್ಪಷ್ಟವಾಗಿ ಬಂದದ್ದು 1990ರ ಆಸುಪಾಸಿನಲ್ಲಿ. ಯೋಚಿಸಿ ನೋಡಿ: ಕ್ರೀಟ್ ದ್ವೀಪದ ಪ್ರಾಚೀನ ಭಿತ್ತಿಚಿತ್ರಗಳಲ್ಲಿ ಲಿಲ್ಲಿಯಿದೆ, ಯುರೋಪಿನ ಚಿತ್ರಕಾರರು ಕನ್ಯೆ ಮೇರಿಯ ಸಮ್ಮುಖದಲ್ಲಿ ದೇವದೂತನ ಕೈಗೆ ಕೊಟ್ಟದ್ದೂ ಲಿಲ್ಲಿಯೇ. ಮೂರು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಮನುಷ್ಯ ಪ್ರೀತಿಸಿದ ಹೂವು ತನ್ನ ಬೆಕ್ಕಿಗೆ ಮೃತ್ಯುವೆಂದು ಅವನಿಗೆ ತಿಳಿದದ್ದು ನಮ್ಮ ಕಣ್ಣೆದುರಿನ ಕಾಲದಲ್ಲಿ. ಆ ವಿಷದ ವಸ್ತು ಯಾವುದೆಂಬುದನ್ನಂತೂ ರಸಾಯನಶಾಸ್ತ್ರ ಇನ್ನೂ ಬೇರ್ಪಡಿಸಿ ತೋರಿಸಿಲ್ಲ.

ಇಷ್ಟು ತಡವಾದದ್ದೇಕೆ? ಬೆಕ್ಕು ಅಷ್ಟು ಕಾಲವೂ ಹೊರಗಿತ್ತು ಎಂಬುದೇ ಇದಕ್ಕೆ ಉತ್ತರವಿರಬೇಕು. ಹೊರಗೆ ತಿರುಗುವ ಬೆಕ್ಕು ಎಲ್ಲೋ ಹೋಗಿ ಸಾಯುತ್ತದೆ. ಅದರ ಸಾವಿನ ಲೆಕ್ಕವನ್ನು ಇಡುವವರಿಲ್ಲ. 1947ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದ ಎಡ್ವರ್ಡ್ ಲೋ ಎಂಬಾತ ಒಂದು ಬಗೆಯ ಹೀರುಮಣ್ಣನ್ನು ಬೆಕ್ಕಿನ ಶೌಚಕ್ಕಾಗಿ ಮಾರತೊಡಗಿದ. ಅಲ್ಲಿಂದ ಮುಂದೆ ಬೆಕ್ಕು ಹಗಲಿರುಳೂ ಮನೆಯೊಳಗೆ ಇರುವುದು ಸಾಧ್ಯವಾಯಿತು. ಒಂದು ಚೀಲ ಮಣ್ಣು ಪ್ರಾಣಿಯೊಂದರ ಚರಿತ್ರೆಯನ್ನು ತಿರುಗಿಸಿತೆಂದರೆ ಅತಿಶಯೋಕ್ತಿಯಲ್ಲ.

ನೆಲ್ಯಾಡಿಯಲ್ಲಿ ಆ ತಿರುವು ಬೇರೆ ಬಗೆಯಲ್ಲಿ ಬಂತು. ಅಕ್ಕನ ಹಳೆಯ ಮನೆಗೆ ಮಂಗಳೂರು ಹಂಚು ಹೊದೆಸಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರಖಾನೆ ತೆರೆದ ಮೇಲೆ ಈ ಜಿಲ್ಲೆಯ ಮುಳಿಮಾಡುಗಳು ಒಂದೊಂದಾಗಿ ಕೆಂಪಾದವು. ಆ ಹಂಚಿನ ಕೆಳಗೆ ಅಟ್ಟ, ಅಟ್ಟದ ಮೇಲೆ ಅಕ್ಕಿಮುಡಿ, ಕೆಳಗೆ ಪತ್ತಾಯದಲ್ಲಿ ಭತ್ತ. ಇವುಗಳ ಕಾವಲಿಗೆ ಬೆಕ್ಕು. ಅದಕ್ಕೆ ಸಂಬಳ ಒಂದು ಹಿಡಿ ಅನ್ನ, ಹಾಲಿನ ಪಾತ್ರೆ ತೊಳೆದ ನೀರು. ಪ್ಲೇಗು ಮಾರಿಯು 1896ರಲ್ಲಿ ಮುಂಬಯಿಗೂ 1898ರಲ್ಲಿ ಬೆಂಗಳೂರಿಗೂ ಬಂದ ಮೇಲೆ ಬೆಕ್ಕಿನ ಬೆಲೆ ಸರಕಾರಕ್ಕೂ ಕೊಂಚ ತಿಳಿಯಿತು. ಆಂಡ್ರ್ಯೂ ಬ್ಯೂಕನನ್ ಎಂಬ ಭಾರತೀಯ ವೈದ್ಯಸೇವೆಯ ಅಧಿಕಾರಿ, ಪ್ಲೇಗನ್ನು ತಡೆಯಲು ಮನೆಮನೆಯಲ್ಲೂ ಬೆಕ್ಕು ಸಾಕಿರೆಂದು 1908ರಲ್ಲಿ ಇಂಗ್ಲೆಂಡಿನ ವೈದ್ಯಪತ್ರಿಕೆಯಲ್ಲಿ ವಾದಿಸಿದ್ದ. ಇಂದು ಗದ್ದೆಗಳು ಅಡಕೆಯ ತೋಟವಾಗಿವೆ, ಗುಡ್ಡೆಗಳು ರಬ್ಬರಿನ ತೋಪಾಗಿವೆ. ಅಕ್ಕಿ ಅಂಗಡಿಯಿಂದ ಬರುತ್ತದೆ. ಪತ್ತಾಯ ಮಾರಿಹೋಗಿದೆ. ಕೆಲಸ ಹೋದ ಮೇಲೂ ಬೆಕ್ಕು ಮನೆ ಬಿಡಲಿಲ್ಲ. ಅಟ್ಟದಿಂದ ಇಳಿದು ಸೋಫಾದ ಮೇಲೆ ಬಂದು ಕುಳಿತಿತು. ಆಳಾಗಿದ್ದುದು ಮನೆಮಗುವಾಯಿತು.

*

ಗಿಡದ ಕಥೆಯಾದರೂ ಹೀಗೆಯೇ ಹೊರಗಿನಿಂದ ಒಳಗೆ ಬಂದ ಕಥೆ.

ಹಿಂದಿನ ಮನೆಯಲ್ಲಿ ವಿಷದ ಗಿಡಗಳಿರಲಿಲ್ಲವೆಂದು ತಿಳಿಯಬಾರದು. ಬೇಕಾದಷ್ಟಿದ್ದವು. ಪೂಜೆಗೆ ಬೇಕಾದ ಕಣಗಿಲೆ ಹೃದಯದ ಬಡಿತವನ್ನೇ ನಿಲ್ಲಿಸುವ ವಿಷದ ಗಿಡ. ಆಯುರ್ವೇದದಲ್ಲಿ ಉಪವಿಷಗಳೆಂದು ಎಣಿಸಿದ ಎಕ್ಕ, ಕಳ್ಳಿ, ಲಾಂಗಲಿ, ಕರವೀರ, ಗುಲಗಂಜಿ, ದತ್ತೂರಗಳಲ್ಲಿ ಹೆಚ್ಚಿನವು ನಮ್ಮ ಬೇಲಿಯಲ್ಲೇ ಇದ್ದವು. ಆದರೆ ಅವು ಬೇಲಿಯಲ್ಲಿದ್ದವು ಎಂಬುದನ್ನು ಗಮನಿಸಬೇಕು. ಪ್ರತಿಯೊಂದು ಗಿಡಕ್ಕೂ ಒಂದು ಜಾಗ, ಪ್ರತಿಯೊಂದರ ಜೊತೆಗೂ ಒಂದು ಮಾತು ಇತ್ತು. ತುಳಸಿ ಅಂಗಳಕ್ಕೆ, ಕಣಗಿಲೆ ಬೇಲಿಗೆ, ಕೆಸು ಬಚ್ಚಲ ನೀರು ಹರಿಯುವಲ್ಲಿಗೆ, ಕಾಸರಕ ಗುಡ್ಡೆಗೆ. ಮಳೆಗಾಲದಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಗೌರಿಹೂವಿನ ಗಡ್ಡೆಯನ್ನು ಅಗೆಯಬೇಡವೆಂದು ಅಜ್ಜಿ ಗದರುತ್ತಿದ್ದಳು; ಲಾಂಗಲಿಯೆಂಬುದು ಅದೇ.

ಈ ಎಚ್ಚರಿಕೆ ಹೆಸರಿನಲ್ಲೇ ಅಡಗಿರುತ್ತಿತ್ತು. ಕಣಗಿಲೆಗೆ ಸಂಸ್ಕೃತದಲ್ಲಿ ಅಶ್ವಮಾರಕವೆಂಬ ಹೆಸರಿದೆ. ಕುದುರೆಯನ್ನು ಕೊಲ್ಲುವುದು ಎಂದರ್ಥ. ದತ್ತೂರಕ್ಕೆ ಉನ್ಮತ್ತವೆಂಬ ಹೆಸರು. ತಿಂದವನಿಗೆ ಆಗುವ ಗತಿಯೇ ಗಿಡದ ನಾಮಧೇಯ. ಕೆಸುವಿನ ವಿಷಯವನ್ನು ನಮ್ಮ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿವೆಯೆಂದೂ, ಅವು ಕ್ಯಾಲ್ಸಿಯಂ ಆಕ್ಸಲೇಟಿನವೆಂದೂ ಅವರು ಓದದೆ ಇರಬಹುದು. ಆದರೆ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸದ ಪತ್ರೊಡೆ ಗಂಟಲನ್ನು ತುರಿಸುತ್ತದೆಂದು ಅವರ ಕೈ ಬಲ್ಲದು.

ಈ ಬಗೆಯ ತಿಳಿವಳಿಕೆಗೆ ವಿದ್ವತ್ಪ್ರಪಂಚವೂ ಒಮ್ಮೆ ತಲೆಬಾಗಿತ್ತು. ಕೊಚ್ಚಿಯ ಡಚ್ಚ ಅಧಿಕಾರಿ ವಾನ್ ರೀಡೆಯು ಮಲಬಾರಿನ ಗಿಡಗಳ ಬಗ್ಗೆ ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಹೊರಬಂತು. ಇಟ್ಟಿ ಅಚ್ಯುತನ್ ಎಂಬ ನಾಟಿ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ ಅದಕ್ಕೆ ನೆರವಾದರು. ಗಿಡದ ಚಿತ್ರದ ಜೊತೆಗೆ ಊರಿನವರು ಕರೆಯುವ ಹೆಸರು, ಅದರ ಗುಣ, ಅದರ ಉಪಯೋಗ ಎಲ್ಲವನ್ನೂ ಕೇಳಿ ಬರೆಸಿದರು. ಅಂದರೆ ಗಿಡ ಹಡಗು ಹತ್ತಿದಾಗ ಅದರ ಮಾತೂ ಜೊತೆಯಲ್ಲಿ ಹೋಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕ್ರಮ ತಪ್ಪಿತು. ಲಂಡನ್ನಿನ ವೈದ್ಯ ನಥೇನಿಯಲ್ ವಾರ್ಡ್ ಕಂಡುಹಿಡಿದ ಗಾಜಿನ ಪೆಟ್ಟಿಗೆಯಲ್ಲಿ ಗಿಡಗಳು ತಿಂಗಳುಗಟ್ಟಲೆ ಸಮುದ್ರಯಾನ ಮಾಡಿಯೂ ಬದುಕುತ್ತವೆಂದು 1833ರಲ್ಲಿ ರುಜುವಾತಾಯಿತು. ಆಮೇಲೆ ಗಿಡಗಳು ಜಗತ್ತಿನ ಮೂಲೆಮೂಲೆಗೆ ಪಯಣಿಸಿದವು, ಹೆಚ್ಚಾಗಿ ಅಂದಕ್ಕಾಗಿ. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗು 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಯಿತು. 1889ರಲ್ಲಿ ಅಲ್ಲಿ ಗಾಜಿನ ಮನೆಗೆ ಅಸ್ತಿಭಾರ ಬಿತ್ತು. ಜಾನ್ ಕ್ಯಾಮರನ್, ಅನಂತರ ಕ್ರುಂಬೀಗಲ್ ಮೊದಲಾದವರು ಹೊರದೇಶದ ಗಿಡಗಳನ್ನು ತರಿಸಿ ಒಗ್ಗಿಸಿದರು. ಅವರ ಉಪಕಾರ ದೊಡ್ಡದು. ನಮ್ಮ ಸೀಮೆಬದನೆಯೂ ಅವರ ಕಾಲದ ಬಳುವಳಿಯೇ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಿಂದ ಪಟ್ಟಣದ ಮನೆಗಳಿಗೆ, ಪಟ್ಟಣದಿಂದ ಹೆದ್ದಾರಿಯ ಬದಿಯ ನರ್ಸರಿಗಳಿಗೆ, ಅಲ್ಲಿಂದ ಹಳ್ಳಿಯ ಜಗಲಿಗೆ ಕುಂಡದ ಗಿಡ ಬಂತು.

ಗಿಡ ಬಂತು, ಮಾತು ಬರಲಿಲ್ಲ. ಉದಾಹರಣೆಗೆ, ಅಗಲವಾದ ಹಸಿರೆಲೆಯಲ್ಲಿ ಬಿಳಿಯ ಚುಕ್ಕೆಗಳುಳ್ಳ ಡೈಫೆನ್‌ಬೇಕಿಯ. ವಿಯೆನ್ನಾದ ಅರಮನೆಯ ತೋಟದ ಮೇಲ್ವಿಚಾರಕ ಡೈಫೆನ್‌ಬಾಕನ ಹೆಸರನ್ನು ಷಾಟ್ ಎಂಬ ಸಸ್ಯಶಾಸ್ತ್ರಜ್ಞ 1829ರಲ್ಲಿ ಅದಕ್ಕಿಟ್ಟ. ಆದರೆ ಅದರ ತವರಾದ ಅಮೆರಿಕದ ಉಷ್ಣಪ್ರದೇಶಗಳಲ್ಲಿ ಅದನ್ನು ‘ಮೂಕಬೆತ್ತ’ವೆಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಅಗಿದವನ ನಾಲಗೆ ಬಾತು ಮಾತು ನಿಲ್ಲುತ್ತದೆ. ಇದು ನಮ್ಮ ಕೆಸುವಿನ ಬಳಗವೇ, ಅದೇ ಸೂಜಿಯ ಹರಳು. ಮೂಕಬೆತ್ತವೆಂಬ ಹೆಸರು ಬಂದಿದ್ದರೆ ನಾವು ಬೇಲಿಯಲ್ಲಿಡುತ್ತಿದ್ದೆವು. ಅರಮನೆಯ ಮಾಲಿಯ ಹೆಸರು ಬಂದದ್ದರಿಂದ ಜಗಲಿಯಲ್ಲಿಟ್ಟೆವು. ಇದೇ ಬಳಗದ ಇನ್ನೊಂದು ಬಳ್ಳಿ ಪೆಸಿಫಿಕ್ ಸಾಗರದ ಮೊರೇಯ ದ್ವೀಪದಿಂದ ಹೊರಟು ನಮ್ಮಲ್ಲಿ ಮನಿ ಪ್ಲಾಂಟ್ ಆಗಿದೆ. ಒಂದು ಹೆಸರು ಎಚ್ಚರಿಸುತ್ತಿತ್ತು. ಇನ್ನೊಂದು ಹಣದ ಆಸೆ ತೋರಿಸುತ್ತದೆ.

ಮಾತಿಲ್ಲದ ಕಡೆ ಸುಳ್ಳುಸುದ್ದಿಯೂ ಹುಟ್ಟುತ್ತದೆ. ಕ್ರಿಸ್‌ಮಸ್ ಸಮಯದಲ್ಲಿ ಕೆಂಪಾಗುವ ಪಾಯಿನ್‌ಸೆಟಿಯದ ಎಲೆ ತಿಂದು ಹವಾಯಿ ದ್ವೀಪದಲ್ಲಿ ಮಗುವೊಂದು ಸತ್ತಿತೆಂದು 1919ರಲ್ಲಿ ಎದ್ದ ವದಂತಿ ನಿಜವಲ್ಲವೆಂದು ತೀರ್ಮಾನವಾಗಿ ಎಷ್ಟೋ ಕಾಲವಾಯಿತು. ಅದರ ಹಾಲಿನಿಂದ ಬಾಯಿ ಉರಿಯಬಹುದು, ವಾಂತಿಯಾಗಬಹುದು. ಪ್ರಾಣ ಹೋಗುವುದು ತೀರ ಅಪರೂಪ. ಆದರೂ ನಿರಪಾಯಕ್ಕೆ ಹತ್ತಿರವಾದ ಆ ಗಿಡಕ್ಕೆ ಹೆದರುವ ಮನೆಗಳಲ್ಲೇ ಲಿಲ್ಲಿ ಹೂದಾನಿಯಲ್ಲಿ ನಿಂತಿರುತ್ತದೆ.

ಇದಕ್ಕೆ ವಿರುದ್ಧವಾದ ದೃಷ್ಟಾಂತವೊಂದು ಅಕ್ಕನ ಬೇಲಿಯಾಚೆಗೇ ಇತ್ತು. ಮರಗೆಣಸೂ ಅಮೆರಿಕದಿಂದ ಬಂದದ್ದೇ. ಅದನ್ನು ತಿರುವಾಂಕೂರಿನ ಪ್ರಜೆಗಳ ಆಹಾರವಾಗಿ ಹರಡಿದ ಕೀರ್ತಿ 1880ರಿಂದ 1885ರವರೆಗೆ ಆಳಿದ ಮಹಾರಾಜ ವಿಶಾಖಂ ತಿರುನಾಳರದು. ಆ ಗೆಣಸಿನ ಸಿಪ್ಪೆಯಲ್ಲೂ ಎಲೆಯಲ್ಲೂ ಸಯನೈಡು ಹುಟ್ಟಿಸುವ ವಸ್ತುವಿದೆ. ಬೇಯಿಸಿದ ನೀರನ್ನು ಚೆಲ್ಲಬೇಕು, ಎಲೆಯನ್ನು ಆಡಿಗೆ ಹಾಕಬಾರದು ಎಂಬ ಮಾತು ಗೆಣಸಿನ ಕೋಲಿನೊಡನೆಯೇ ತಿರುವಾಂಕೂರಿನಿಂದ ನೆಲ್ಯಾಡಿಗೆ ಬಂತು. ಹೊಟ್ಟೆಗೆ ತಿನ್ನುವ ಗಿಡದೊಡನೆ ಮಾತು ಬರುತ್ತದೆ. ಕಣ್ಣಿಗೆ ತೋರಿಸುವ ಗಿಡದೊಡನೆ ಬರುವುದಿಲ್ಲ. ಈಂದಿನ ಕಾಯನ್ನು ಒಣಗಿಸಿ, ನೀರಿನಲ್ಲಿ ನೆನೆಸಿ ವಿಷ ತೆಗೆದು ತಿನ್ನುವ ವಿದ್ಯೆ ಮಲಬಾರಿನಲ್ಲಿದೆ. ಅದೇ ಜಾತಿಯ ಜಪಾನಿನ ಸೈಕಾಸನ್ನು ನಾವು ಬಾಗಿಲ ಇಕ್ಕೆಲದಲ್ಲಿ ನಿಲ್ಲಿಸಿಕೊಂಡಿದ್ದೇವೆ. ಅದರ ಬೀಜ ಬೆಕ್ಕು ನಾಯಿಗಳ ಯಕೃತ್ತನ್ನು ನಾಶಮಾಡುತ್ತದೆ ಎಂಬ ಮಾತು ಅದರ ಜೊತೆ ಬಂದಿಲ್ಲ.

ಇನ್ನು ಲಿಲ್ಲಿ. ನಿಜವಾದ ಲಿಲ್ಲಿಯ ಗಡ್ಡೆಗಳು ಹಾಲೆಂಡಿನಿಂದ ಬಂದು, 1991ರ ಆರ್ಥಿಕ ಉದಾರೀಕರಣದ ತರುವಾಯ ಬೆಂಗಳೂರಿನ ಸುತ್ತ ಎದ್ದ ಪಾಲಿಹೌಸುಗಳಂಥ ಕಡೆಗಳಲ್ಲಿ ಅರಳಿ, ಹೂಗುಚ್ಛಗಳಲ್ಲಿ ಸೇರಿದವು. ಹೀಗೆ ಬೇಲಿಯಲ್ಲಿರಬೇಕಾದ ಗಿಡ ಮೇಜಿಗೆ ಬಂದ ಕಾಲಕ್ಕೆ ಸರಿಯಾಗಿ ಅಟ್ಟದಲ್ಲಿದ್ದ ಬೆಕ್ಕೂ ಮೇಜಿಗೆ ಬಂದಿತ್ತು. ಎರಡು ಚರಿತ್ರೆಗಳು ಅಕ್ಕನ ನಡುಮನೆಯಲ್ಲಿ ಒಂದನ್ನೊಂದು ಮೂಸಿ ನೋಡಿದವು.

*

ನಾಯಿಗೆ ಬಾಧಿಸದ ಲಿಲ್ಲಿ ಬೆಕ್ಕಿಗೇ ಏಕೆ ಮಾರಕ ಎಂಬುದು ಪೂರ್ತಿ ತಿಳಿದಿಲ್ಲ. ಆದರೆ ಒಟ್ಟಿನಲ್ಲಿ ಬೆಕ್ಕು ವಿಷಕ್ಕೆ ಬೇಗ ತುತ್ತಾಗುವುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ಅದರ ಯಕೃತ್ತು. ಮಾಂಸಾಹಾರವನ್ನೇ ನೆಚ್ಚಿದ ಈ ಕುಲದಲ್ಲಿ ಸಸ್ಯಗಳ ಕೆಲವು ದ್ರವ್ಯಗಳನ್ನು ಕಳೆಯುವ ಒಂದು ಕಿಣ್ವದ ಜೀನು ಕೆಲಸಕ್ಕೆ ಬಾರದಂತಾಗಿದೆಯೆಂದು 2000ದ ಸುಮಾರಿಗೆ ಸಂಶೋಧಕರು ತೋರಿಸಿದರು. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲುವುದಕ್ಕೂ ಮುಖ್ಯವಾಗಿ ಇದೇ ಕಾರಣ. ಎರಡನೆಯದು ಅದರ ಸದ್ಗುಣ. ಸಂಸ್ಕೃತದ ಮಾರ್ಜಾರ ಶಬ್ದದ ಮೂಲ ‘ಮೃಜ್’ ಎಂಬ ಧಾತು. ಒರೆಸುವುದು, ಶುಚಿಗೊಳಿಸುವುದು ಎಂದರ್ಥ. ಸದಾ ಮೈ ನೆಕ್ಕಿ ಶುಚಿ ಮಾಡಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. ಮೈಮೇಲೆ ಬಿದ್ದ ಪರಾಗವನ್ನು ಹಸು ಕೊಡವಿ ಬಿಡುತ್ತದೆ. ಬೆಕ್ಕು ನೆಕ್ಕಿ ಒಳಗೆ ತೆಗೆದುಕೊಳ್ಳುತ್ತದೆ. ಹೆಸರು ಕೊಟ್ಟ ಗುಣವೇ ಪ್ರಾಣಕ್ಕೆರವಾಗುತ್ತದೆ.

ಹಾಗಾದರೆ ಬೆಕ್ಕಿರುವ ಮನೆಯಲ್ಲಿ ಗಿಡವೇ ಬೇಡವೇ? ಹಾಗೇನೂ ಇಲ್ಲ. ಹಿಂದಿನವರ ಸೂತ್ರವೇ ಸಾಕು: ಪ್ರತಿಯೊಂದಕ್ಕೂ ಅದರದರ ಜಾಗ. ನಿಜವಾದ ಲಿಲ್ಲಿಯೂ ಡೇ ಲಿಲ್ಲಿಯೂ ಬೆಕ್ಕಿನ ಮನೆಯ ಹೊಸಿಲು ದಾಟಬಾರದು. ಲಿಲ್ಲಿ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ ಎಂಬುದೂ ನೆನಪಿರಲಿ. ಪೀಸ್ ಲಿಲ್ಲಿ ಕೆಸುವಿನ ಬಳಗ, ಬಾಯಿ ಉರಿಸುತ್ತದೆ. ಅಂಗಳದ ಮಳೆಲಿಲ್ಲಿಯ ಗಡ್ಡೆ ವಾಂತಿ ಮಾಡಿಸುತ್ತದೆ. ಮೂತ್ರಪಿಂಡದ ಕಂಟಕ ಮೊದಲು ಹೇಳಿದ ಎರಡು ಮಾತ್ರ. ಸೈಕಾಸ್, ಕಣಗಿಲೆ, ಹಳದಿ ಕಣಗಿಲೆ, ಗೌರಿಹೂವು, ಇವು ಬೇಲಿಯಲ್ಲೇ ಇರಲಿ. ಡೈಫೆನ್‌ಬೇಕಿಯ, ಮನಿ ಪ್ಲಾಂಟುಗಳನ್ನು ಎತ್ತರದಲ್ಲಿ ತೂಗಹಾಕಿದರೆ ಸಾಕೆಂಬುದು ಬೆಕ್ಕನ್ನು ಅರಿಯದವರ ಮಾತು. ಕುಂಡಕ್ಕೆ ಗೊಬ್ಬರವೆಂದು ಹರಳು ಹಿಂಡಿ ಹಾಕುವವರು ಅದರಲ್ಲೂ ವಿಷವಿರಬಹುದೆಂದು ತಿಳಿದು ಮಣ್ಣಿನಲ್ಲಿ ಆಳವಾಗಿ ಮುಚ್ಚಬೇಕು. ಗುಲಾಬಿ, ಮಲ್ಲಿಗೆ, ಕುಂಡದಲ್ಲಿ ಬೆಳೆಸುವ ಅರೆಕಾ ಪಾಮ್, ಇವುಗಳಿಂದ ಬೆಕ್ಕಿಗೆ ವಿಷಭಯವಿಲ್ಲ. ಬೆಕ್ಕಿಗೂ ಆಗಾಗ ಹಸಿರು ಅಗಿಯುವ ಹುಟ್ಟುಗುಣವಿದೆ. ಅದಕ್ಕೆಂದೇ ಒಂದು ಕುಂಡದಲ್ಲಿ ಗರಿಕೆ ಬೆಳೆಸಿಟ್ಟರೆ ಉಳಿದ ಗಿಡಗಳ ಗೊಡವೆ ಬಹುಮಟ್ಟಿಗೆ ತಪ್ಪುತ್ತದೆ. ನಮ್ಮ ತೋಟದ ಕುಪ್ಪಿಗಿಡದ ಬೇರಿಗೆ ಬೆಕ್ಕು ಮರುಳಾಗುತ್ತದೆಂಬುದನ್ನು ಮಲೆಯಾಳಿಗಳು ಗಮನಿಸಿ ಅದಕ್ಕೆ ‘ಪೂಚ್ಚಮಯಕ್ಕಿ’ ಎಂದು ಹೆಸರಿಟ್ಟಿದ್ದಾರೆ. ಬೆಕ್ಕನ್ನು ನೋಡಿ ಗಿಡಕ್ಕೆ ಹೆಸರಿಟ್ಟವರೂ ಇದ್ದಾರೆಂಬುದು ಸಮಾಧಾನದ ಸಂಗತಿ.

ಅನಾಹುತವಾದರೆ ಮಾಡಬೇಕಾದದ್ದು ಸ್ವಲ್ಪ, ಮಾಡಬಾರದ್ದು ಬಹಳ. ಪರಾಗ ಮೆತ್ತಿದ್ದರೆ ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಿ ತೊಳೆಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹಾಲೆರೆಯುವುದು, ನಮ್ಮ ಮಾತ್ರೆ ಕೊಡುವುದು ಕೂಡದು. ಗಿಡದ ಒಂದು ಎಲೆಯನ್ನೋ ಹೂವನ್ನೋ ಕೈಯಲ್ಲಿ ಹಿಡಿದುಕೊಂಡು ಪಶುವೈದ್ಯರಲ್ಲಿಗೆ ಓಡಬೇಕು. ಲಿಲ್ಲಿಯ ವಿಷಕ್ಕೆ ಪ್ರತಿವಿಷವಿಲ್ಲ. ರಕ್ತನಾಳಕ್ಕೆ ದ್ರವ ಕೊಟ್ಟು ಮೂತ್ರಪಿಂಡವನ್ನು ಉಳಿಸಿಕೊಳ್ಳುವುದೊಂದೇ ಹಾದಿ. ಅದು ಮೊದಲ ಹದಿನೆಂಟು ಗಂಟೆಗಳೊಳಗೆ ಆರಂಭವಾದರೆ ಬದುಕುವ ಸಂಭವ ಹೆಚ್ಚು. ಮರುದಿನ ಬೆಕ್ಕು ಸುಧಾರಿಸಿದಂತೆ ಕಾಣುತ್ತದೆಂದು ನಾವು ಸುಮ್ಮನಿರುವ ಹೊತ್ತು ಇದೆಯಲ್ಲ, ಅದೇ ಕೈತಪ್ಪಿಹೋಗುವ ಹೊತ್ತು.

ಇಷ್ಟನ್ನೂ ನಾನು ಅಕ್ಕನಿಗೆ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ತನ್ನ ಮನೆಯ ಹೂವೇ ಕೊಂದಿತೆಂಬ ದುಃಖಕ್ಕಿಂತ, ಬೇರೆಯವರ ಕೈಯೆಂದು ನಂಬಿದ ಒಂದು ತಿಂಗಳು ಅವಳಿಗೆ ಭಾರವಾಗಿತ್ತು. ಸಂಜೆ ಕತ್ತಿ ಹಿಡಿದು ಹೋಗಿ ತಡಮೆಯ ಮುಳ್ಳನ್ನು ತಾನೇ ಕಡಿದು ಎಳೆದುಹಾಕಿದಳು. ಆಚೆಯಿಂದ ಆ ಮನೆಯ ಹೆಂಗಸು ಓಡಿ ಬಂದಳು. ಅಕ್ಕ ನಡೆದದ್ದನ್ನೆಲ್ಲ ಹೇಳಿ, “ನನ್ನದು ತಪ್ಪಾಯಿತು ಚೇಚಿ” ಎಂದಳು. ಆಕೆ ಅದಕ್ಕೆ ಉತ್ತರ ಕೊಡದೆ, ಕೈ ಹಿಡಿದುಕೊಂಡು, “ಪಾಷಾಣ ಇಟ್ಟದ್ದು ನಾವು ಅಲ್ಲವಾ ಅಕ್ಕ, ನನಗೂ ನಿದ್ದೆ ಇರಲಿಲ್ಲ” ಎಂದಳು. ನಿರಪರಾಧಿಯಾದ ಆಕೆಯೂ ಆ ಒಂದು ತಿಂಗಳು ತನ್ನನ್ನೇ ಅಪರಾಧಿಯೆಂದು ನಂಬಿ ಕಳೆದಿದ್ದಳು.

ಈಗ ಆ ಮನೆಯಿಂದ ಬಂದ ಒಂದು ಮರಿ ಅಕ್ಕನ ಜಗಲಿಯಲ್ಲಿ ಬೆಳೆಯುತ್ತಿದೆ. ಜಗಲಿಯ ಮೂಲೆಯಲ್ಲಿ ಒಂದು ಕುಂಡ ಗರಿಕೆಯಿದೆ. ಮೂಕಬೆತ್ತ ಬೇಲಿಗೆ ಹೋಗಿದೆ. ಹೊಸ ಗಿಡ ಯಾರೇ ತಂದರೂ ಅಕ್ಕ ಕೇಳುವ ಮೊದಲ ಪ್ರಶ್ನೆ, “ಇದರದ್ದು ಎಂಥ ಕಥೆ?” ಎಂದು. ಗಿಡದೊಡನೆ ಬಾರದ ಮಾತನ್ನು ಕೇಳಿ ತಿಳಿದುಕೊಳ್ಳುವುದೊಂದೇ ಈಗ ನಮಗೆ ಉಳಿದಿರುವ ದಾರಿ.